ಎರಡು ದಾರಿಯಲ್ಲಿ ಬಂದ ಒಂದೇ ಕುಣಿತ

ಬ್ಯಾಕೋಡು, ಹೊಸನಗರ, ತೀರ್ಥಹಳ್ಳಿ - ಮಲೆನಾಡಿನ ಯಾವ ಊರಿನ ಶಾಲಾ ವಾರ್ಷಿಕೋತ್ಸವಕ್ಕೆ ಹೋದರೂ ಎರಡು ಬಗೆಯ ಕುಣಿತ ಇದ್ದೇ ಇರುತ್ತದೆ. ಒಂದು ನಮ್ಮದೆಂದು ಹೇಳಿಕೊಳ್ಳುವ ಡೊಳ್ಳು, ಕೋಲಾಟ ಅಥವಾ ಯಕ್ಷಗಾನದ ತುಣುಕು. ಇನ್ನೊಂದಕ್ಕೆ ಮಕ್ಕಳೂ ಮೇಷ್ಟ್ರೂ ಸೇರಿ ಇಟ್ಟಿರುವ ಹೆಸರು 'ವೆಸ್ಟರ್ನ್'. ಕೀಲು ಕಳಚಿದಂತೆ ಕೈಕಾಲು ಆಡಿಸುವುದು, ನೆಲಕ್ಕೆ ಬಿದ್ದು ಬೆನ್ನ ಮೇಲೆ ತಿರುಗುವುದು, ಮುಂದೆ ಹೆಜ್ಜೆ ಇಟ್ಟಂತೆ ಮಾಡಿ ಹಿಂದೆ ಜಾರುವುದು ಎಲ್ಲವೂ ಈ ಹೆಸರಿನಡಿ ಬರುತ್ತವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಿರಿಯರು, 'ಇದೆಲ್ಲ ಪರದೇಶಿ ಸಂಸ್ಕೃತಿ' ಎಂದು ಮುಖ ಸಿಂಡರಿಸುತ್ತಾರೆ.

ಈ ಕುಣಿತ ಪರದೇಶದ್ದೆಂಬುದೇನೋ ನಿಜ. ಆದರೆ ಅದು ಪಶ್ಚಿಮದ್ದೇ? ಅದರ ಜಾಡು ಹಿಡಿದು ಹೋದರೆ ಮೊದಲು ಸಿಗುವುದು ನ್ಯೂಯಾರ್ಕಿನ ಬೀದಿ. ಅಲ್ಲಿಂದ ಇನ್ನೂ ಹಿಂದೆ ಹೋದರೆ ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಗುಲಾಮರ ಕೇರಿ, ಕೊನೆಗೆ ಆಫ್ರಿಕಾ. ಆ ಆಫ್ರಿಕಾ ಖಂಡದ್ದೇ ಇನ್ನೊಂದು ಕುಣಿತ ಸಿನಿಮಾ, ಟಿ.ವಿ. ಹುಟ್ಟುವುದಕ್ಕೆ ಎಷ್ಟೋ ಮೊದಲು ಕನ್ನಡ ನಾಡಿಗೆ ಬಂದು, ನಮ್ಮ ನೆರೆಯಲ್ಲೇ ನೆಲೆಸಿದೆ. ಸಾಗರದಿಂದ ಸಿದ್ದಾಪುರ, ಶಿರಸಿ ದಾಟಿ ಯಲ್ಲಾಪುರದ ರಸ್ತೆ ಹಿಡಿದರೆ ಸಿಗುವ ಸಿದ್ದಿಗಳ ದಮಾಮಿ ಕುಣಿತವೇ ಅದು. ಒಂದೇ ಖಂಡದಿಂದ ಹೊರಟು ಎರಡು ದಾರಿ ಹಿಡಿದ ಈ ಕುಣಿತಗಳು ಇಂದು ಸಿದ್ದಿ ಹುಡುಗ ಹುಡುಗಿಯರ ಕಾಲಲ್ಲಿ ಕೂಡಿಕೊಳ್ಳುತ್ತಿವೆ. ಈ ಕೂಡಿಕೆಯನ್ನು ಕೆಲವರು ಕಲಬೆರಕೆ ಎನ್ನುತ್ತಾರೆ. ಚರಿತ್ರೆಯನ್ನು ನೋಡಿದರೆ ಹಾಗೆನ್ನುವುದು ಕಷ್ಟ.

ಕಡಲು ದಾಟಿದವರು

ಸಿದ್ದಿಗಳ ಪೂರ್ವಿಕರು ಒಂದೇ ಕಾಲದಲ್ಲಿ, ಒಂದೇ ಹಡಗಿನಲ್ಲಿ ಬಂದವರಲ್ಲ. ಅರಬ್ಬೀ ಸಮುದ್ರದ ವ್ಯಾಪಾರದ ಜೊತೆಗೆ ಆಫ್ರಿಕಾದ ಪೂರ್ವ ಕರಾವಳಿಯ ಜನರೂ ಶತಮಾನಗಳ ಕಾಲ ಭಾರತಕ್ಕೆ ಬರುತ್ತಿದ್ದರು. ಕೆಲವರು ನಾವಿಕರಾಗಿ ಬಂದರು, ಕೆಲವರು ಸೈನಿಕರಾಗಿ ಬಂದರು, ಬಹಳಷ್ಟು ಮಂದಿ ಮಾರಾಟದ ಸರಕಾಗಿ ಬಂದರು. ದಖನ್ನಿನ ಸುಲ್ತಾನರ ಸೈನ್ಯಗಳಲ್ಲಿ ಇವರನ್ನು 'ಹಬಶಿ'ಗಳೆಂದು ಕರೆಯುತ್ತಿದ್ದರು. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ಇಲ್ಲಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯದ ಸೂತ್ರ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಗಲರನ್ನು ಕಾಡಿದ. ನಮ್ಮ ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲೂ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಿದ್ದ. ಸುಲ್ತಾನನ ಜೊತೆಗಿರುವ ಅವನ ಚಿತ್ರಗಳು ಇಂದಿಗೂ ಉಳಿದಿವೆ.

ಉತ್ತರ ಕನ್ನಡದ ಕಾಡಿನ ಸಿದ್ದಿಗಳ ಕಥೆ ಮಾತ್ರ ಅರಮನೆಯದಲ್ಲ. ಇವರ ಹಿರಿಯರಲ್ಲಿ ಹೆಚ್ಚಿನವರು ಗೋವೆಯ ದಾರಿಯಾಗಿ ಬಂದವರೆಂದು ವಿದ್ವಾಂಸರು ಹೇಳುತ್ತಾರೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನು ತರಿಸಿಕೊಂಡರು. ಯಜಮಾನರ ಮನೆಯಿಂದ ತಪ್ಪಿಸಿಕೊಂಡವರಿಗೆ ಘಟ್ಟದ ದಟ್ಟ ಕಾಡೇ ಅಡಗುದಾಣವಾಯಿತು. ಪೋರ್ಚುಗೀಸ್ ಸರ್ಕಾರ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕಾಗದದ ಮೇಲೆ ಕೊನೆಗಾಣಿಸಿದ್ದು 1869ರಲ್ಲಿ. ಅಷ್ಟರಲ್ಲಿ ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ ಸೀಮೆಗಳಲ್ಲಿ ಸಿದ್ದಿಗಳ ಹಾಡಿಗಳು ನೆಲೆಯೂರಿದ್ದವು.

2011ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನವೂ ಈ ಮಾತಿಗೆ ಪುಷ್ಟಿ ಕೊಟ್ಟಿತು. ಸಿದ್ದಿಗಳ ಮೈಯಲ್ಲಿ ಹೆಚ್ಚು ಪಾಲು ಬಾಂಟು ಭಾಷೆಗಳನ್ನಾಡುವ ಆಫ್ರಿಕನ್ನರ ರಕ್ತವಿದೆ, ಉಳಿದದ್ದರಲ್ಲಿ ಬಹುಪಾಲು ಈ ನೆಲದ್ದು ಎಂದು ಅದು ತೋರಿಸಿತು. ಅದೇ ವರ್ಷದ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಎಣಿಕೆಯಾದ ಸಿದ್ದಿಗಳು 10,477 ಮಂದಿ.

ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಕನ್ನಡ, ಮರಾಠಿ, ಉರ್ದು ಬೆರೆತ ಮಾತು ಇವರದು. ತಲೆಮಾರುಗಳಿಂದ ಅಡಿಕೆ ತೋಟಗಳಲ್ಲಿ, ಕಾಡಿನಲ್ಲಿ ದುಡಿದವರು. ಪೂರ್ವಿಕರ ಭಾಷೆ ಉಳಿಯಲಿಲ್ಲ, ಹೊರಟ ಊರಿನ ಹೆಸರೂ ಉಳಿಯಲಿಲ್ಲ. ಬರೆದಿಟ್ಟ ಚರಿತ್ರೆಯಂತೂ ಇಲ್ಲ. ಉಳಿದದ್ದು ಹಿರಿಯರ ಪೂಜೆ, ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿ ಮತ್ತು ಡೋಲಿನ ಸುತ್ತಲ ಕುಣಿತ.

ಡೋಲಿನ ಸುತ್ತ

ದಮಾಮ್ ಎಂಬುದು ಮರದ ಹೊಟ್ಟೆ ಕೊರೆದು ಎರಡೂ ಬದಿಗೆ ಚರ್ಮ ಬಿಗಿದ ಡೋಲು. ಬಾರಿಸುವವನು ಕುಳಿತು ಎರಡೂ ಕಡೆಗೆ ಬಡಿಯುತ್ತಾನೆ. ಸುತ್ತ ಹಾಡು ಏಳುತ್ತದೆ, ಹೆಂಗಸರು ಕುಣಿಯಲು ಇಳಿಯುತ್ತಾರೆ. ಒಬ್ಬರು ಹಾಡಿನ ಸೊಲ್ಲೆತ್ತಿದರೆ ಉಳಿದವರು ಕೂಡಿ ಉತ್ತರಿಸುತ್ತಾರೆ. ಮೊಣಕಾಲು ಸ್ವಲ್ಪ ಬಾಗಿ, ಮೈಭಾರ ನೆಲಕ್ಕೆ ಹತ್ತಿರವಾಗಿ, ಸೊಂಟ ಮತ್ತು ಭುಜ ಬೇರೆ ಬೇರೆ ಲಯದಲ್ಲಿ ಆಡುತ್ತವೆ. ಕುಣಿಯುವವರು, ನೋಡುವವರು ಎಂಬ ಗೆರೆ ಇಲ್ಲಿಲ್ಲ. ಕಾಲು ಕುಣಿಯಬೇಕೆನಿಸಿದವರು ಒಳಗೆ ಬರುತ್ತಾರೆ, ದಣಿದವರು ಹೊರಗೆ ಹೋಗುತ್ತಾರೆ.

ಆಫ್ರಿಕಾದ ಬಾಂಟು ಭಾಷೆಗಳಲ್ಲಿ 'ಂಗೋಮಾ' ಎಂಬ ಒಂದು ಪದವಿದೆ. ಡೋಲಿಗೂ ಅದೇ ಹೆಸರು, ಹಾಡಿಗೂ ಅದೇ, ಕುಣಿತಕ್ಕೂ ಅದೇ. ಮೂರನ್ನೂ ಬೇರ್ಪಡಿಸಿ ನೋಡುವ ಅಭ್ಯಾಸ ಅಲ್ಲಿಲ್ಲ. ಗುಜರಾತಿನ ಸಿದ್ದಿಗಳು ಬಾವಾ ಗೋರ್ ಎಂಬ ಸಂತನ ಹೆಸರಿನಲ್ಲಿ ಕುಣಿಯುವ 'ಗೋಮಾ' ಇದೇ ಪದದಿಂದ ಬಂದದ್ದು. ಅವರ ಬಳಿ 'ಮಲುಂಗಾ' ಎಂಬ ಬಿಲ್ಲಿನಂಥ ಒಂಟಿತಂತಿ ವಾದ್ಯವೂ ಇದೆ. ಅಟ್ಲಾಂಟಿಕ್ ಸಾಗರದ ಆಚೆ ಬ್ರೆಜಿಲ್‌ನಲ್ಲಿ ಆಫ್ರಿಕನ್ ಗುಲಾಮರ ಮಕ್ಕಳು ಬೆಳೆಸಿದ ಕಪೋಯೆರಾ ಎಂಬ ಕಾದಾಟದ ಕುಣಿತಕ್ಕೆ ಬಾರಿಸುವ 'ಬೆರಿಂಬಾವ್' ಕೂಡ ಬಿಲ್ಲಿನ ವಾದ್ಯವೇ. ಒಬ್ಬರ ಮುಖ ಒಬ್ಬರು ಕಾಣದ ಎರಡು ಕಡಲಾಚೆಯ ಜನ ಒಂದೇ ಬಗೆಯ ವಾದ್ಯವನ್ನು ಹೀಗೆ ಉಳಿಸಿಕೊಂಡಿದ್ದಾರೆ.

ಹಾಗೆಂದು ದಮಾಮಿಯನ್ನು ಶುದ್ಧ ಆಫ್ರಿಕಾದ ಕುಣಿತ ಎನ್ನಲಾಗದು. 'ದಮಾಮ' ಎಂಬುದು ನಗಾರಿಗೆ ಪರ್ಶಿಯನ್ ಭಾಷೆಯಲ್ಲಿರುವ ಹೆಸರು. ಹಾಡಿನ ಮಾತು ಕೊಂಕಣಿ, ಕನ್ನಡ. ಹೆಂಗಸರು ಕುಣಿಯುವ ಪುಗಡಿ ಗೋವೆ, ಕೊಂಕಣದ ಹೆಂಗಸರದ್ದೂ ಹೌದು. ಮೈಯ ಲಯ ಒಂದು ಕಡೆಯದು, ಮಾತು ಇನ್ನೊಂದು ಕಡೆಯದು. ಸಿದ್ದಿ ಹೆಂಗಸರು ಹೊಲಿಯುವ ಕೌದಿಯೂ ಹೀಗೆಯೇ. ಯಾವ ತುಂಡು ಯಾರ ಸೀರೆಯದೋ, ಯಾರ ಅಂಗಿಯದೋ. ಆದರೆ ಜೋಡಿಸಿದ ಕೈ ಅವರದು. ನಾಲ್ಕು ಮೂಲೆಗೂ 'ಫೂಲ' ಎಂಬ ಪುಟ್ಟ ಬಟ್ಟೆ ಹೂವನ್ನು ಹೊಲಿದ ಮೇಲಷ್ಟೇ ಅವರ ಕಣ್ಣಿಗೆ ಕೌದಿ ಪೂರ್ತಿಯಾಗುತ್ತದೆ. ಬೆರಕೆ ಎಂಬುದು ಸಿದ್ದಿಗಳ ಕುಣಿತಕ್ಕೆ ನಿನ್ನೆ ಮೊನ್ನೆ ಬಂದ ರೋಗವಲ್ಲ. ಅದು ಬದುಕಿ ಉಳಿದ ಬಗೆಯೇ ಅದು.

ಡೋಲು ಕಸಿದುಕೊಂಡಾಗ

ಇನ್ನೊಂದು ದಾರಿಯ ಕಥೆ ಬೇರೆ. ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದ ಆಫ್ರಿಕನ್ನರ ಡೋಲನ್ನು ಯಜಮಾನರು ಕಸಿದುಕೊಂಡರು. 1739ರಲ್ಲಿ ದಕ್ಷಿಣ ಕೆರೋಲಿನಾದಲ್ಲಿ ಗುಲಾಮರು ದಂಗೆಯೆದ್ದಾಗ ಡೋಲು ಬಾರಿಸಿ ಜನ ಕೂಡಿಸಿದ್ದರು. ಮರುವರ್ಷವೇ ಅಲ್ಲಿನ ಆಡಳಿತ ಗುಲಾಮರು ಡೋಲು ಇಟ್ಟುಕೊಳ್ಳುವುದನ್ನೂ ಬಾರಿಸುವುದನ್ನೂ ಕಾನೂನು ಮಾಡಿ ನಿಷೇಧಿಸಿತು.

ಡೋಲು ಹೋಯಿತು, ಲಯ ಹೋಗಲಿಲ್ಲ. ಜನ ತಮ್ಮ ಮೈಯನ್ನೇ ಡೋಲು ಮಾಡಿಕೊಂಡರು. ಅಂಗೈಯಿಂದ ಎದೆ, ತೊಡೆ, ಮೊಣಕಾಲು ಬಡಿದು ತಾಳ ಹಾಕುವ 'ಜೂಬಾ' ಬಂತು. ಹಿಮ್ಮಡಿ, ತುದಿಗಾಲುಗಳಿಂದ ಹಲಗೆ ಕುಟ್ಟುವ ಟ್ಯಾಪ್ ಕುಣಿತ, ಅದೇ ಬೇರಿಗೆ ಐರ್ಲೆಂಡಿನವರ ಹೆಜ್ಜೆ ಬೆರೆತು ಬೆಳೆಯಿತು. ಇದೇ ಪರಂಪರೆಯ ತುತ್ತತುದಿಯಲ್ಲಿ ಹಿಪ್‌ಹಾಪ್ ನಿಂತಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯ ಒಂದು ಪಾರ್ಟಿಯಲ್ಲಿ ಕೂಲ್ ಹರ್ಕ್ ಎಂಬ ಹುಡುಗ ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದ. ಹಾಡು ನಿಂತು ಬರೀ ತಾಳ ಕೇಳುವ ಭಾಗವನ್ನು ಎರಡು ತಟ್ಟೆಗಳ ನಡುವೆ ಮತ್ತೆ ಮತ್ತೆ ತಿರುಗಿಸುವುದು ಅವನ ಉಪಾಯ. ಆ 'ಬ್ರೇಕ್' ಬಂದಾಗ ಹುಡುಗರು ನಡುವಿನ ವೃತ್ತಕ್ಕೆ ಇಳಿದು ಕುಣಿಯುತ್ತಿದ್ದರು. ಬ್ರೇಕ್ ಡ್ಯಾನ್ಸ್ ಎಂಬ ಹೆಸರಿನ ಮೂಲ ಇದು. ಕೂಲ್ ಹರ್ಕ್ ಸ್ವತಃ ಜಮೈಕಾದಿಂದ ಬಂದವನು. ನಡುವೆ ಡೋಲಿನ ಪೆಟ್ಟು, ಸುತ್ತ ಜನ, ಒಬ್ಬೊಬ್ಬರಾಗಿ ಇಳಿಯುವುದು - ದಮಾಮಿ ಕಂಡವರಿಗೆ ಈ ವೃತ್ತ ಹೊಸದಾಗಿ ತೋರದು.

ಬೀದಿಯ ಕುಣಿತವನ್ನೂ ಪೂರ್ವಿಕರ ಕುಣಿತವನ್ನೂ ರಂಗದ ಮೇಲೆ ಕೂಡಿಸುವ ಕೆಲಸವನ್ನು ಕರಿಯ ಕಲಾವಿದರೇ ಕೈಗೆತ್ತಿಕೊಂಡರು. ಮಾನವಶಾಸ್ತ್ರ ಓದಿದ ಕ್ಯಾಥರೀನ್ ಡನ್‌ಹ್ಯಾಮ್ 1935ರಲ್ಲಿ ಜಮೈಕಾ, ಹೈಟಿಗಳಿಗೆ ಹೋಗಿ ಅಲ್ಲಿನ ಆಫ್ರಿಕನ್ ಮೂಲದ ಕುಣಿತಗಳನ್ನು ಕಲಿತು ಬಂದು ತಮ್ಮದೇ ಶೈಲಿ ಕಟ್ಟಿದರು. ಆಲ್ವಿನ್ ಏಲಿ 1958ರಲ್ಲಿ ತಂಡ ಕಟ್ಟಿ, 1960ರಲ್ಲಿ 'ರೆವೆಲೇಶನ್ಸ್' ಎಂಬ ನೃತ್ಯದಲ್ಲಿ ಕರಿಯರ ಚರ್ಚಿನ ಹಾಡುಗಳನ್ನು ರಂಗಕ್ಕೆ ತಂದರು. ರೊನಾಲ್ಡ್ ಕೆ. ಬ್ರೌನ್ 1985ರಲ್ಲಿ ಹುಟ್ಟುಹಾಕಿದ ತಂಡ ಪಶ್ಚಿಮ ಆಫ್ರಿಕಾದ ಹೆಜ್ಜೆ, ಆಧುನಿಕ ನೃತ್ಯ, ಬೀದಿಯ ಕುಣಿತ ಮೂರನ್ನೂ ಒಂದೇ ಉಸಿರಿನಲ್ಲಿ ಕುಣಿಯಿತು. ಅದಕ್ಕೆ ಅವರಿಟ್ಟ ಹೆಸರು 'ಎವಿಡೆನ್ಸ್', ಅಂದರೆ ಸಾಕ್ಷಿ. ಫಿಲಡೆಲ್ಫಿಯಾದ ರೆನಿ ಹ್ಯಾರಿಸ್ 1992ರಲ್ಲಿ ಹಿಪ್‌ಹಾಪನ್ನೇ ನಾಟಕಶಾಲೆಯ ವೇದಿಕೆಗೆ ಹತ್ತಿಸಿದರು. ಕಾಗದ ಪತ್ರದ ಚರಿತ್ರೆ ಇಲ್ಲದ ಜನಕ್ಕೆ ಕುಣಿತವೇ ಸಾಕ್ಷಿ ಎಂಬ ಮಾತು ನಮ್ಮ ಸಿದ್ದಿಗಳಿಗೂ ಅಕ್ಷರಶಃ ಒಪ್ಪುತ್ತದೆ.

ತೆರೆಯ ಮೇಲಿಂದ ಇಳಿದು ಬಂದದ್ದು

ಈ ಎರಡನೆಯ ದಾರಿ ಕನ್ನಡ ನಾಡನ್ನು ಮುಟ್ಟಿದ್ದು ತೆರೆಯ ಮೂಲಕ. 1983ರಲ್ಲಿ ಮೈಕೆಲ್ ಜಾಕ್ಸನ್ ಅಮೆರಿಕದ ಟಿ.ವಿ.ಯಲ್ಲಿ ಹಿಂದಕ್ಕೆ ಜಾರಿದಾಗ ಜಗತ್ತೇ ಬೆರಗಾಯಿತು. ಬೀದಿ ಕುಣಿತಗಾರರಿಗೆ ಆ ಹೆಜ್ಜೆ ಮೊದಲೇ ಗೊತ್ತಿತ್ತು. ಇಲ್ಲಿ ಅದನ್ನು ಮನೆಮಾತು ಮಾಡಿದವರು ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ. ಭರತನಾಟ್ಯ ಕಲಿತಿದ್ದ ಆ ಯುವಕ 1994ರ ತಮಿಳು ಚಿತ್ರ 'ಕಾದಲನ್'ನಲ್ಲಿ ಕುಣಿದ ಮೇಲೆ ಊರೂರಿನ ಹುಡುಗರ ಕೀಲು ಸಡಿಲವಾಯಿತು. ಮುಂದೆ ಟಿ.ವಿ.ಯ ನೃತ್ಯ ಸ್ಪರ್ಧೆಗಳು ಬಂದವು, ಅಂಗೈಯಲ್ಲಿ ಮೊಬೈಲ್ ಬಂತು. ಶರಾವತಿಯ ಹಿನ್ನೀರು ದಾಟಲು ಬ್ಯಾಕೋಡಿನ ಜನ ಲಾಂಚಿಗೆ ಕಾಯಬೇಕಿದ್ದ ಕಾಲದಲ್ಲೇ ಈ ಕುಣಿತ ಲಾಂಚನ್ನೂ ಕಾಯದೆ ಹೊಳೆ ದಾಟಿತ್ತು. ಅಲ್ಲಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಷ್ಟೇ.

ಹೀಗೆ, ಆಫ್ರಿಕಾದ ಕುಣಿತ ಅಮೆರಿಕ ಸುತ್ತಿ, ಚೆನ್ನೈ ಮುಟ್ಟಿ ನಮ್ಮ ಶಾಲೆಗಳಿಗೆ ಬಂದು 'ವೆಸ್ಟರ್ನ್' ಎನಿಸಿಕೊಂಡಿತು. ಶಿರಸಿ ದಾಟಿದರೆ ಸಿಗುವ ದಮಾಮಿ ಮಾತ್ರ ನಮ್ಮಲ್ಲಿ ಬಹಳಷ್ಟು ಮಂದಿಯ ಕಣ್ಣಿಗೆ ಬೀಳಲೇ ಇಲ್ಲ.

ಮಂಚಿಕೇರಿಯ ರಂಗ

ಕಣ್ಣಿಗೆ ಬೀಳುವಂತೆ ಮಾಡಿದ್ದರಲ್ಲಿ ನಮ್ಮ ಸಾಗರ ತಾಲೂಕಿನ ಪಾಲೂ ಇದೆ. ಹೆಗ್ಗೋಡಿನ ನೀನಾಸಮ್ 1980ರ ದಶಕದಲ್ಲಿ ನಾಟಕವನ್ನು ಹಳ್ಳಿ ಹಾಡಿಗಳಿಗೆ ಒಯ್ದಾಗ, ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳೇ ನಟಿಸಿದ 'ಕಪ್ಪು ಜನ ಕೆಂಪು ನೆರಳು' ರಂಗಕ್ಕೆ ಬಂತು. ನಿರ್ದೇಶಿಸಿದವರು ಚಿದಂಬರರಾವ್ ಜಂಬೆ. ನೈಜೀರಿಯಾದ ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ ಅದರ ಮೂಲ. ಬಿಳಿಯರು ಕಾಲಿಟ್ಟ ಮೇಲೆ ಒಂದು ಆಫ್ರಿಕನ್ ಹಳ್ಳಿ ಒಳಗಿನಿಂದ ಒಡೆಯುವ ಕಥೆ ಅದು.

ಅಚೆಬೆಯ ಹಳ್ಳಿ ಇರುವುದು ಪಶ್ಚಿಮ ಆಫ್ರಿಕಾದಲ್ಲಿ, ಸಿದ್ದಿಗಳ ಪೂರ್ವಿಕರು ಬಂದದ್ದು ಪೂರ್ವ ಕರಾವಳಿಯಿಂದ. ನಡುವೆ ಇಡೀ ಖಂಡವೇ ಇದೆ. ಆದರೂ ತೋಟದ ಕೆಲಸ ಮುಗಿಸಿ ತಾಲೀಮಿಗೆ ಬಂದವರಿಗೆ ಆ ಕಥೆಯನ್ನು ಆಡಲು ತಮ್ಮದೇ ಡೋಲು, ತಮ್ಮದೇ ಹೆಜ್ಜೆ ಇದ್ದವು. ಕೇರಿಯೊಳಗೆ ಮಾತ್ರ ಇದ್ದ ಕುಣಿತ ಮೊದಲ ಬಾರಿಗೆ ಹೊರಗಿನವರ ಮುಂದೆ ಒಂದು ಕಥೆ ಹೇಳುವ ಭಾಷೆಯಾಯಿತು. ಮುಂದೆ ಸಿದ್ದಿ ಸಮುದಾಯದಿಂದ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ ವಿದ್ಯಾರ್ಥಿಗಳು ಬಂದರು. 2011ರ 'ಪರಮಾತ್ಮ'ದಂಥ ಚಿತ್ರಗಳಿಂದ ಹೆಸರಾದ ನಟ ಪ್ರಶಾಂತ್ ಸಿದ್ದಿ, ಗಾಯಕಿ ಮತ್ತು ನಟಿ ಗಿರಿಜಾ ಸಿದ್ದಿ ಇದೇ ಹಾದಿಯಲ್ಲಿ ಬೆಳೆದವರು.

ದಾರಿಗಳು ಕೂಡಿದಲ್ಲಿ

2021ರಲ್ಲಿ ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ 'ಸಲಗ' ಚಿತ್ರದ ಪ್ರಚಾರಕ್ಕಾಗಿ 'ಟಿಣಿಂಗ ಮಿಣಿಂಗ ಟಿಶ್ಯಾ' ಎಂಬ ಹಾಡು ಹೊರಬಂತು. ಚರಣ್ ರಾಜ್ ಸಂಗೀತದ ಆ ಹಾಡಿಗೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ ದನಿಯಾದರು. ಸಿದ್ದಿ ಜನಪದದ ಮಟ್ಟಿಗೆ ಇಂದಿನ ಬೀದಿ ಸಂಗೀತದ ಪೆಟ್ಟು ಕೂಡಿತು. ಹಾಡಿಗೆ ನಾಡಿನಾದ್ಯಂತ ಹುಡುಗರು ಕುಣಿದರು. ಎರಡು ಮಹಾಸಾಗರಗಳ ದಾರಿ ಒಂದೇ ಹಾಡಿನಲ್ಲಿ ಕೂಡಿದೆಯೆಂದು ಕುಣಿದವರಲ್ಲಿ ಎಷ್ಟು ಮಂದಿಗೆ ಹೊಳೆದಿತ್ತೋ! ಜಯನ್ ಚೆರಿಯನ್ ನಿರ್ದೇಶನದ 'ರಿದಮ್ ಆಫ್ ದಮಾಮ್' ಚಿತ್ರ 2024ರಲ್ಲಿ ಗೋವೆಯ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಂತು. ಒಬ್ಬ ಸಿದ್ದಿ ಬಾಲಕನ ಕಥೆಯ ಮೂಲಕ ಪೂರ್ವಿಕರ ನೆನಪನ್ನು ಹುಡುಕುವ ಆ ಚಿತ್ರ, ಅದೇ ಪೂರ್ವಿಕರನ್ನು ಹಡಗಿನಿಂದ ಇಳಿಸಿದ ನೆಲದಲ್ಲೇ ತೆರೆ ಕಂಡದ್ದು ಗಮನಾರ್ಹ.

ಎಲೆಯ ಲಂಗದ ಪ್ರಶ್ನೆ

ಇಷ್ಟೆಲ್ಲ ಆದ ಮೇಲೂ ಒಂದು ತೊಡಕು ಉಳಿದಿದೆ. ಹಾಡಿಯಲ್ಲಿ ದಮಾಮಿ ಕುಣಿಯುವ ಹೆಂಗಸಿನ ಉಡುಪು ಸೀರೆ. ಅದೇ ಕುಣಿತ ಉತ್ಸವದ ಮೆರವಣಿಗೆಗೋ ಪ್ರವಾಸಿಗರ ರೆಸಾರ್ಟಿಗೋ ಬಂದಾಗ ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಿಳಿ ಚುಕ್ಕೆ ಬರುವುದುಂಟು. ನೋಡುವವರಿಗೆ 'ಕಾಡುಜನ' ಕಾಣಬೇಕು, 'ಆಫ್ರಿಕಾ' ಕಾಣಬೇಕು. ಸಿದ್ದಿಗಳ ಮೈಯನ್ನು ಹೊರಗಿನವರು ತಮ್ಮ ಕಲ್ಪನೆಗೆ ಒಗ್ಗಿಸಿಕೊಂಡದ್ದು ಇದೊಂದೇ ಸಲವಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ, ಆಫ್ರಿಕಾ ಮೂಲದವರು ಪದಕ ತಂದಾರೆಂಬ ಆಸೆಯಿಂದ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಮಕ್ಕಳು ಊರಿಗೆ ಮರಳಿದರು.

ಇನ್ನೊಂದು ಇಕ್ಕಟ್ಟು ಕಾನೂನಿನದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರಿಗೆ 2020ರವರೆಗೂ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಸಮುದಾಯದ ಮೊದಲ ಶಾಸಕರಾದರು. ಪಂಗಡವೆಂದು ಗುರುತಿಸಲು ಸರ್ಕಾರ 1965ರ ಲೋಕೂರ್ ಸಮಿತಿಯ ಕಾಲದಿಂದ ಬಳಸುವ ಅಳತೆಗೋಲುಗಳಲ್ಲಿ 'ವಿಶಿಷ್ಟ ಸಂಸ್ಕೃತಿ' ಒಂದು, 'ಹೊರಗಿನವರೊಡನೆ ಬೆರೆಯಲು ಸಂಕೋಚ' ಇನ್ನೊಂದು. ಈ ಕಣ್ಣಿನಿಂದ ನೋಡಿದರೆ ಸೊಪ್ಪು ಕಟ್ಟಿ ಕುಣಿಯುವವಳು ಸಿದ್ದಿಯಾಗಿ ಕಾಣುತ್ತಾಳೆ. ಜೀನ್ಸ್ ತೊಟ್ಟು ದಮಾಮಿಗೆ ಹಿಪ್‌ಹಾಪ್ ಹೆಜ್ಜೆ ಬೆರೆಸುವವಳು ಅನುಮಾನ ಹುಟ್ಟಿಸುತ್ತಾಳೆ. ನಿಜ ನೋಡಿದರೆ ಮೊದಲನೆಯದು ಬೇರೆಯವರು ತೊಡಿಸಿದ ವೇಷ, ಎರಡನೆಯದು ಅವಳೇ ಆರಿಸಿಕೊಂಡ ಕುಣಿತ.

ಕುಣಿತವೊಂದು ಹುಟ್ಟಿದ ಕೇರಿಯಲ್ಲೇ ಉಳಿಯಬೇಕೆಂದೇನೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಮೊದಲ ಬಾರಿಗೆ ಸ್ಪರ್ಧೆಯಾದಾಗ ಚಿನ್ನ ಗೆದ್ದವರು ಜಪಾನಿನ ಒಬ್ಬ ಯುವತಿ, ಕೆನಡಾದ ಒಬ್ಬ ಯುವಕ. ಬ್ರಾಂಕ್ಸಿನ ಹುಡುಗರ ಆಟ ಜಗತ್ತಿನದಾಗಿತ್ತು. ಆದರೆ ಅದು ಬ್ರಾಂಕ್ಸಿನದೆಂಬುದನ್ನು ಯಾರೂ ಮರೆಯಲಿಲ್ಲ, ಕೂಲ್ ಹರ್ಕ್‌ನ ಹೆಸರು ಚರಿತ್ರೆಯಲ್ಲಿ ಉಳಿಯಿತು. ನಮ್ಮ ಉತ್ಸವಗಳ ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರ, ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಕೆಳಗೆ 'ಸಿದ್ದಿ ನೃತ್ಯ' ಎಂಬ ಎರಡೇ ಪದಗಳಿರುತ್ತವೆ. ಹಾಡಿದವರು ಯಾರು, ಡೋಲು ಹಿಡಿದವರು ಯಾರು, ಹೆಜ್ಜೆ ಕಟ್ಟಿದವರು ಯಾರು ಎಂಬುದು ಪತ್ರಿಕೆಯಲ್ಲಿರುವುದಿಲ್ಲ.

ದಮಾಮಿಗೆ ಹೊಸ ಹೆಜ್ಜೆ ಸೇರುವುದರಿಂದ ಅದು ಕೆಡುವುದಿಲ್ಲ. ಸೇರಿಸುವ ಹಕ್ಕು ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಮುಂದಿನ ಬಾಳು ನಿಂತಿದೆ. ಮಲೆನಾಡಿನ ಯಾವುದಾದರೂ ಊರು ಮುಂದಿನ ಹಬ್ಬಕ್ಕೆ ಸಿದ್ದಿ ತಂಡವನ್ನು ಕರೆಯುವುದಾದರೆ, ಏನು ಉಡಬೇಕು, ಯಾವುದನ್ನು ಕುಣಿಯಬೇಕು ಎಂಬುದನ್ನು ಅವರಿಗೇ ಬಿಟ್ಟು, ಆಮಂತ್ರಣದಲ್ಲಿ ಅವರ ಹೆಸರುಗಳನ್ನೂ ಅಚ್ಚು ಹಾಕಿಸಲಿ. ಹೊರಟ ಊರಿನ ಹೆಸರನ್ನು ಕಳೆದುಕೊಂಡು ಬಂದ ಜನಕ್ಕೆ ಕುಣಿದ ಊರಿನಲ್ಲಾದರೂ ಹೆಸರು ಸಿಗುವುದು ನ್ಯಾಯ.